ಬೆನ್ನ ಕಡೆಯ ಕುರ್ಚಿಗಳು

"ಜಡ್ಜ್ ಸಾಹೇಬ್ರ ಅಂಗಿ ಕಣೋ ಇದು! ನಿನ್ನವ್ವನ ಲಂಗ ಅಂದ್ಕೊಂಡ್ಯಾ, ಬೋಳಿಮಗನೆ?"

ಇಸ್ತ್ರಿಯಡಿ ಅಂಗಿ ಸುಟ್ಟದ್ದಕ್ಕೆ ಮೇಸ್ತ್ರಿ ಕ್ರೌಡರ್ ಹೀಗೆ ಕಿರುಚಿದ್ದು ಹೋಬರ್ಟನ ಕಿವಿಗೆ ಬೀಳಲೇ ಇಲ್ಲ. ಬಾಲ್ಟಿಮೋರಿನ ಆ ಲಾಂಡ್ರಿಯೊಳಗೆ ದೇವರೇ ಇಳಿದು ಬಂದು ಕೂಗಿದರೂ ಯಾರ ಕಿವಿಗೂ ಬೀಳುತ್ತಿರಲಿಲ್ಲ. ಒಂದು ಗೋಡೆಯುದ್ದಕ್ಕೂ ಬಟ್ಟೆ ಒಗೆಯುವ ಉಕ್ಕಿನ ಪೀಪಾಯಿಗಳು ಗುಡುಗುತ್ತಿದ್ದವು. ಇನ್ನೊಂದು ಗೋಡೆಗೆ ನೀರು ಹಿಂಡುವ ಯಂತ್ರಗಳು ದೆವ್ವ ಹಿಡಿದಂತೆ ತಿರುಗುತ್ತಿದ್ದವು. ನಡುವೆ ಸಾಲಾಗಿ ನಿಂತ ಆವಿಯ ಇಸ್ತ್ರಿಗಳು ಬುಸ್ಸೆನ್ನುತ್ತಿದ್ದವು. ಆದರೂ ಕ್ರೌಡರ್ ಉದುರಿಸಿದ ಒಂದೊಂದು ಮುತ್ತೂ ಹೋಬರ್ಟನಿಗೆ ತಿಳಿಯಿತು. ಹತ್ತು ಮಾರು ದೂರದಲ್ಲಿ ಒದ್ದೆ ಹಾಸಿಗೆಬಟ್ಟೆ ಎಳೆಯುತ್ತಿದ್ದ ಅವನ ಅವ್ವ ಟೆಂಪಿಗೂ ತಿಳಿಯಿತು. ಅಲ್ಲಿ ದುಡಿಯುವ ಕರಿಯರೆಲ್ಲ ತುಟಿ ಓದುತ್ತಿದ್ದರು. ಸದ್ದಿಲ್ಲದೆ ತುಟಿಯಲ್ಲೇ ಮಾತಾಡಿ, ಮದುವೆ ಮಾತುಕತೆಯಿಂದ ಹಿಡಿದು ಜಗಳದವರೆಗೆ ಎಲ್ಲವನ್ನೂ ಅಲ್ಲೇ ಮುಗಿಸುತ್ತಿದ್ದರು. ಕ್ರೌಡರನಿಗೆ ಮಾತ್ರ ಇದು ಗೊತ್ತಿರಲಿಲ್ಲ. ಈ ಜನ ಹೊತ್ತುಹೊತ್ತಿಗೂ ಹೊಗೆಸೊಪ್ಪು ಅಗಿಯುತ್ತಾರೆ ಎಂದು ಹನ್ನೊಂದು ವರ್ಷದಿಂದ ಅವನು ನಂಬಿದ್ದ.

ಟೆಂಪಿಯಮ್ಮ ಅಲ್ಲಿಂದಲೇ ತುಟಿ ಆಡಿಸಿದಳು. 'ಅವನ ಮೂಗಿನ ಕೂದ್ಲು ನೋಡ್ಲಾ ಹೋಬ್. ಅದ್ಕೂ ವಸಿ ಗಂಜಿ ಹಾಕಿ ಇಸ್ತ್ರಿ ಉಜ್ಜಿಬಿಡು.'

ಹೋಬರ್ಟನಿಗೆ ನಗು ತಡೆಯಲಾಗಲಿಲ್ಲ. ಅಂಗಿ ಸುಟ್ಟದ್ದನ್ನಾದರೂ ಕ್ರೌಡರ್ ಮರೆಯುತ್ತಿದ್ದನೋ ಏನೋ, ನಗುವುದನ್ನು ಮಾತ್ರ ಮರೆಯುವ ಪೈಕಿ ಅವನಲ್ಲ. ಪಕ್ಕದಲ್ಲಿದ್ದ ಗಂಜಿಯ ಬಕೀಟನ್ನು ಎತ್ತಿ ಹೋಬರ್ಟನ ತಲೆಯ ಮೇಲೆ ಸುರಿದು, ಖಾಲಿ ಬಕೀಟನ್ನು ಟೋಪಿಯಂತೆ ಮಗುಚಿ, ಮೇಲೊಂದು ತಟ್ಟು ತಟ್ಟಿ ಹೋದ. ಆರಡಿ ಮೂರಂಗುಲದ ಗಂಡಸು, ಇಪ್ಪತ್ತಾರು ವರ್ಷದವನು, ಮುನ್ನೂರು ಜನರ ನಡುವೆ ಗಂಜಿ ತೊಟ್ಟಿಕ್ಕಿಸುತ್ತ ನಿಂತ. ಅವನ ಕೈ ಇಸ್ತ್ರಿಯ ಹಿಡಿಯ ಮೇಲಿತ್ತು. ಇನ್ನೊಂದು ಗಳಿಗೆ ಬಿಟ್ಟಿದ್ದರೆ ಕ್ರೌಡರನ ಮುಖವೇ ಮಡಿಕೆ ಬೀಳುತ್ತಿತ್ತು.

'ಸುಮ್ಕಿರು,' ಎಂದವು ಅವ್ವನ ತುಟಿಗಳು. 'ಮಧ್ಯಾಹ್ನ ಹಾಡಿ ತೀರಿಸ್ಕೋ.'

ಮಧ್ಯಾಹ್ನ ಊಟದ ಬಿಡುವಿನಲ್ಲಿ ನಾಲ್ವರು ಬಾಯ್ಲರು ಕೋಣೆಯ ಹಿಂದೆ ಸೇರುತ್ತಿದ್ದರು. ಹೋಬರ್ಟನದು ಬಾವಿಯ ತಳದಿಂದ ಬರುವ ದನಿ. ಪರ್ನೆಲ್ ಮೇಲೆ ಹಾಡುವ ಮುಖ್ಯ ಗಾಯಕ; ಕನ್ನಡಿ ಕಂಡಲ್ಲೆಲ್ಲ ನಿಂತು ಮೀಸೆ ತೀಡುವ ಷೋಕಿಲಾಲ. ಲಿನ್‌ವುಡ್ ಅವನಿಗೂ ಮೇಲಿನ ಸಣ್ಣ ದನಿಯವನು, ಮೂರು ಹೆಣ್ಣುಮಕ್ಕಳ ತಂದೆ, ಇಲಿ ಕಂಡರೆ ಕುರ್ಚಿ ಹತ್ತುವ ಆಸಾಮಿ. ಇವರ ನಡುವೆ ತುಂಬುವ ದನಿ ಓಥಾನದು. ಅವನ ಬಾಯಿಗೆ ಬೀಗವೇ ಇಲ್ಲ.

"ತಲೆ ಒಣಗಿದ್ಮೇಲೆ ಬಾರ್ಲಾ, ನೀಟಾಗಿ ಮಡಿಚಿ ಕಪಾಟಲ್ಲಿ ಇಡ್ತೀನಿ," ಎಂದ ಓಥಾ.

"ಮುಚ್ಕೊಂಡು ಹಾಡ್ಲಾ ಬಡ್ಡೀಮಗನೆ," ಎಂದ ಹೋಬರ್ಟ್.

ಹಾಡಿದರು. ನೀರು ಹಿಂಡುವ ಯಂತ್ರ ನಿಲ್ಲುವ ಮುಂಚೆ ಏದುಸಿರು ಬಿಡುತ್ತ ತಿರುಗುವ ಸದ್ದನ್ನು ಹೋಬರ್ಟ್ ಗಂಟಲಿಗೆ ಇಳಿಸಿಕೊಂಡಿದ್ದ. ಧುಂ-ಮ, ಧುಂ-ಮ, ಧುಂ-ಮ-ಧೂಂ. ಅದರ ಮೇಲೆ ಉಳಿದವರು ಹಾಡು ಕಟ್ಟುತ್ತಿದ್ದರು. ವಾರವೆಲ್ಲ ಊರವರ ಅಂಗಿ ತಿಕ್ಕಿದವನು ಭಾನುವಾರ ತನ್ನ ಅಂಗಿ ತೊಟ್ಟು ಹುಡುಗಿಯ ಮನೆಗೆ ಹೋಗುವ ಹಾಡು ಅದು. ಎದುರಿಗೆ ಮಗುಚಿದ ಬುಟ್ಟಿಯ ಮೇಲೆ ಕೂತು ಜೋಳದ ರೊಟ್ಟಿ ಮುರಿಯುತ್ತ ತೀರ್ಪು ಕೊಡುವವಳು ಟೆಂಪಿಯಮ್ಮ.

ಅವಳಿಗೆ ಹಾಡು ಕೇಳಿಸುತ್ತಿರಲಿಲ್ಲ. ಹತ್ತೊಂಬತ್ತು ವರ್ಷ ಆ ಯಂತ್ರದ ಮಗ್ಗುಲಲ್ಲೇ ನಿಂತು ಅವಳ ಎರಡೂ ಕಿವಿ ಹೋಗಿದ್ದವು. ಯಾವಾಗ ಹೋದವೆಂದು ಅವಳಿಗೇ ಗೊತ್ತಿಲ್ಲ. ಒಂದು ಭಾನುವಾರ ಚರ್ಚಿನಲ್ಲಿ ಪಾದ್ರಿ ಮುಖ ಆಚೆ ತಿರುಗಿಸಿದಾಗ ಪ್ರವಚನ ನಿಂತುಹೋಯಿತಂತೆ. ಈಚೆ ತಿರುಗಿದಾಗ ಮತ್ತೆ ಶುರುವಾಯಿತಂತೆ. ಆಗ ತಿಳಿಯಿತು. ಅವತ್ತಿನಿಂದ ಮುಖ ಇದ್ದರೆ ಮಾತು, ಬೆನ್ನಿದ್ದರೆ ಮೌನ. ಹಾಡುವವರ ಬಾಯಿ ನೋಡಿಯೇ ಯಾರು ತಾಳ ತಪ್ಪಿದರು, ಯಾರು ಉಸಿರು ಕದ್ದರು ಎಂದು ಹೇಳುತ್ತಿದ್ದಳು, ಒಂದು ದಿನವೂ ತಪ್ಪಾಗುತ್ತಿರಲಿಲ್ಲ. ಬೈಗುಳ ಹೆಚ್ಚು ತಿನ್ನುತ್ತಿದ್ದವನು ಮಗ. ತಗ್ಗಿನ ದನಿಯವರು ತುಟಿ ಆಡಿಸುವುದೇ ಕಡಿಮೆ, ಎಲ್ಲ ಎದೆಯೊಳಗೇ ಉರುಳುತ್ತದೆ.

"ಬಾಯಿ ತೆಗ್ಯೋ ಮುಂಡೇದೆ!" ಎನ್ನುತ್ತಿದ್ದಳು. "ಅವರು ಮೂರು ಜನ ಹಾಡ್ತಾವ್ರೆ, ನೀನು ಹಲ್ಲುನೋವು ಬಂದ ಹೋರಿ ಹಂಗೆ ನಿಂತಿದೀಯ. ನಂಗೆ ಕೇಳಿಸ್ತಿಲ್ಲ!"

ಆ ವರ್ಷದ ಚಳಿಗಾಲದಲ್ಲಿ ಕ್ರೌಡರ್ ಅವಳನ್ನು ಕೆಲಸದಿಂದ ತೆಗೆದ. ಹಿಂದಿನಿಂದ ಮೂರು ಸಲ ಕೂಗಿದರೂ ತಿರುಗಿ ನೋಡಲಿಲ್ಲ, ಕೊಬ್ಬು ಎಂದ. ಕಿವಿ ಕೇಳುವುದಿಲ್ಲ ಸ್ವಾಮಿ ಎಂದು ಹೋಬರ್ಟ್ ಹೇಳಿದ್ದಕ್ಕೆ, ಹಾಗಾದರೆ ಕಿವುಡಿ ಇಟ್ಟುಕೊಂಡು ನಾನೇನು ಮಾಡಲಿ, ಯಂತ್ರದ ಹತ್ತಿರ ಕಿವುಡಿ ಇದ್ದರೆ ಅಪಾಯ ಎಂದ. ಕಿವಿ ತಿಂದದ್ದು ಅದೇ ಯಂತ್ರ. ಹೋಬರ್ಟ್ ಏಪ್ರನ್ ಬಿಚ್ಚಿ ಕ್ರೌಡರನ ಹೆಗಲ ಮೇಲೆ ಹಾಕಿ ಹೊರಬಿದ್ದ. ಹಿಂದೆಯೇ ಉಳಿದ ಮೂವರೂ ಬಂದರು. ಲಿನ್‌ವುಡ್ ಮಾತ್ರ ಬಾಗಿಲವರೆಗೆ ಬಂದು, ವಾಪಸ್ಸು ಹೋಗಿ ಊಟದ ಡಬ್ಬಿ ತೆಗೆದುಕೊಂಡು ಬಂದ.

ಟೆಂಪಿಯಮ್ಮ ಕೆರೊಲೈನಾದ ತನ್ನ ಹುಟ್ಟೂರಿಗೆ, ಅಕ್ಕ ಲುವೀನಿಯಾಳ ಮನೆಗೆ ಹೊರಟಳು. ರೈಲು ಬಿಡುವಾಗ ಕಿಟಕಿಯ ಗಾಜಿನಾಚೆಯಿಂದ ತುಟಿ ಆಡಿಸಿದಳು. 'ವೇದಿಕೆ ಮ್ಯಾಲೆ ನಿಂತು ಹಾಡೋದ್ನ ನಾನು ಒಂದ್ಸಲ ಕೇಳ್ಬೇಕು. ಆಮೇಲೆ ಸಾಯ್ತೀನಿ.' ಹೋಬರ್ಟ್ ಹೊರಟ ರೈಲಿನ ಜೊತೆಗೇ ನಡೆಯುತ್ತ, 'ಕೇಳಿಸ್ತೀನಿ, ಆದ್ರೆ ಸಾಯ್ಬೇಡ,' ಎಂದ.

ಪೆನ್ಸಿಲ್ವೇನಿಯಾ ಅವೆನ್ಯೂದ ಒಂದು ನಾಟಕಶಾಲೆಯಲ್ಲಿ ಬುಧವಾರಕ್ಕೊಮ್ಮೆ ಹೊಸಬರ ಸ್ಪರ್ಧೆ. ಮೂರು ಬುಧವಾರ ಗೆದ್ದರು. ನಾಲ್ಕನೆಯ ಬುಧವಾರ ಗ್ಯಾರಿಟಿ ಎಂಬ ಬಿಳಿಯ ಏಜೆಂಟನೊಬ್ಬ ಸಿಗಾರ್ ಕಚ್ಚಿಕೊಂಡು ಬಂದ.

"ಏನ್ರಯ್ಯ ನಿಮ್ಮ ಗುಂಪಿನ ಹೆಸರು?"

"ಗಂಜಿ ಗಂಡುಗಳು," ಎಂದ ಓಥಾ.

"ನಡೆಯಲ್ಲ. ಈಗ ಹಾಡೋವ್ರಿಗೆಲ್ಲ ಹಕ್ಕಿ ಹೆಸರೇ ಇರ್ಬೇಕು. ಒಳ್ಳೊಳ್ಳೆ ಹಕ್ಕಿ ಎಲ್ಲ ಹೋಗ್ಬಿಟ್ಟಿದಾವೆ." ಗ್ಯಾರಿಟಿ ಜೇಬಿನಿಂದ ಒಂದು ಪಟ್ಟಿ ತೆಗೆದು ನೋಡಿದ. "ಟೌಹೀ ಅಂತ ಒಂದು ಉಳ್ಕೊಂಡಿದೆ. ಇವತ್ತಿಂದ ನೀವು ಟೌಹೀಗಳು. ಹೆಸರು ನನ್ನದು, ಗಂಟಲು ನಿಮ್ಮದು. ಇಲ್ಲಿ ಸಹಿ ಹಾಕಿ."

ನಾಲ್ವರಲ್ಲಿ ಒಬ್ಬನೂ ಟೌಹೀ ಕಂಡವನಲ್ಲ. ಹೋಬರ್ಟ್ ಅವ್ವನಿಗೆ ಬರೆದು ಕೇಳಿದ. ಲುವೀನಿಯಾ ದೊಡ್ಡಮ್ಮನ ಕೈಬರಹದಲ್ಲಿ ಉತ್ತರ ಬಂತು: "ಪೊದೆ ಕೆಳಗೆ ತರಗೆಲೆ ಕೆದಕುತ್ತಾ ಇರ್ತದಲ್ಲ, ಆ ಹಕ್ಕಿ ಕಣೋ. ಕೆದಕೋದು ಬಿಡಬೇಡ ಅನ್ನುತ್ತಾಳೆ ನಿನ್ನವ್ವ."

ಮೂರು ವರ್ಷಕ್ಕೂ ಮೇಲೆ ಕೆದಕಿದರು. ಭಾನುವಾರದ ಅಂಗಿಯ ಹಾಡು ರೆಕಾರ್ಡ್ ಆಗಿ ಹೊರಬಂತು. ಬಾಲ್ಟಿಮೋರಿನ ಕ್ಷೌರದಂಗಡಿಗಳಲ್ಲಿ, ಮೀನು ಹುರಿಯುವ ಗೂಡಂಗಡಿಗಳಲ್ಲಿ ಎಲ್ಲಿ ನೋಡಿದರೂ ಧುಂ-ಮ ಧುಂ-ಮ. ಪರ್ನೆಲ್ ಹಳದಿ ಬೂಟು ಕೊಂಡ. ದಾರಿಯಲ್ಲಿ ಹೆಂಗಸರು ತಿರುಗಿ ನೋಡದಿದ್ದರೆ ಅದೇ ದಾರಿಯಲ್ಲಿ ಇನ್ನೊಮ್ಮೆ ನಡೆದು ಬರುತ್ತಿದ್ದ. ಕೆರೊಲೈನಾದಲ್ಲಿ ಟೆಂಪಿಯಮ್ಮ ಅಕ್ಕನ ಮರದ ರೇಡಿಯೋದ ಮೇಲೆ ಅಂಗೈ ಊರಿ ಕೂರುತ್ತಿದ್ದಳಂತೆ. ಬೇರೆಯವರದ್ದೆಲ್ಲ ಕೈಗೆ ಸಿಕ್ಕದಿದ್ದರೂ ಮಗನ ದನಿ ಮಾತ್ರ ಹಲಗೆಯಿಂದ ಮೊಣಕೈವರೆಗೂ ಹತ್ತಿ ಬರುತ್ತಿತ್ತಂತೆ.

ಎರಡು ತಿಂಗಳ ಮೇಲೆ ಬಂದ ಕಾಗದದಲ್ಲಿ ಬೇರೆಯೇ ಸುದ್ದಿ ಇತ್ತು. "ನಿಮ್ಮ ಹಾಡು ಈಗ ದಿನಕ್ಕೆ ಹತ್ತು ಸಲ ಬರ್ತಾ ಇದೆ. ನಾನು ಖುಷಿಯಾಗಿ ನಿನ್ನವ್ವನ್ನ ಕರೆದು ಕೂರಿಸಿದೆ. ಕೈ ಇಟ್ಟವಳೇ ತೆಗೆದುಬಿಟ್ಟಳು. ಇದು ನನ್ನ ಮಗ ಅಲ್ಲ, ಯಾರೋ ಬೇರೆ ಗಂಡಸು ಅಂದಳು. ಹಟಮಾರಿ. ನೀನೇ ಬರೆದು ಹೇಳು."

ಹೋಬರ್ಟ್ ಆ ಕಾಗದ ಹಿಡಿದು ಗ್ಯಾರಿಟಿಯ ಆಫೀಸಿಗೆ ಹೋದ. ಮೂವರೂ ಜೊತೆಗಿದ್ದರು. ಗ್ಯಾರಿಟಿ ಏನೂ ಮುಚ್ಚಿಡಲಿಲ್ಲ, ಮುಚ್ಚಿಡುವಂಥದ್ದು ಅದರಲ್ಲಿ ಏನಿದೆ ಎಂದೇ ಅವನಿಗೆ ತಿಳಿದಿರಲಿಲ್ಲ. ಕೆನೆಬಣ್ಣದ ಕೋಟು ತೊಟ್ಟ ನಾಲ್ಕು ಬಿಳಿಯ ಕಾಲೇಜು ಹುಡುಗರ ಪಟ ತೋರಿಸಿ, ಇವರು ನಿಮ್ಮ ಹಾಡನ್ನೇ ಹಾಡಿದ್ದಾರೆ, ದೊಡ್ಡ ರೇಡಿಯೋದವರು ನಿಮ್ಮದನ್ನು ಹಾಕುವುದಿಲ್ಲ, ಇವರದ್ದು ಹಾಕುತ್ತಾರೆ, ಒಟ್ಟಿನಲ್ಲಿ ಹಾಡಿಗೆ ಹೆಸರು ಬಂತಲ್ಲ ಎಂದ. ರೆಕಾರ್ಡ್ ಹಾಕಿ ಕೇಳಿಸಿದ. ಧುಂ-ಮ ಎನ್ನುವಲ್ಲಿ ಬಿಳಿ ಹುಡುಗ ಅಜೀರ್ಣವಾದ ಬ್ಯಾಂಕ್ ಗುಮಾಸ್ತನಂತೆ ಗೊಣಗುತ್ತಿದ್ದ.

ನಾಲ್ವರೂ ಟೋಪಿ ಕೈಯಲ್ಲಿ ಹಿಡಿದು ಮರ್ಯಾದಸ್ಥರಂತೆ ನಿಂತೇ ಇದ್ದರು. ತುಟಿಗಳಿಗೆ ಮಾತ್ರ ಪುರುಸೊತ್ತಿರಲಿಲ್ಲ.

'ಇವನ ವಂಶ ನಿರ್ವಂಶ ಆಗ,' ಎಂದ ಓಥಾ.

'ಆ ಹುಡುಗನ್ನ ಒಂದು ವಾರ ಕ್ರೌಡರ್ ಕೈಗೆ ಕೊಡ್ಬೇಕು. ತಾನೇ ದನಿ ಬತ್ತದೆ,' ಎಂದ ಪರ್ನೆಲ್.

'ನಿಧಾನಕ್ರೋ, ಗೊತ್ತಾದೀತು,' ಎಂದ ಲಿನ್‌ವುಡ್.

"ಏನಗೀತಿದೀರಿ ಎಲ್ರೂ?" ಎಂದ ಗ್ಯಾರಿಟಿ.

"ಹೊಗೆಸೊಪ್ಪು, ಸಾರ್," ಎಂದ ಓಥಾ.

ಗ್ಯಾರಿಟಿ ಸಮಾಧಾನ ಹೇಳುವವನಂತೆ ದಕ್ಷಿಣದ ಪ್ರವಾಸದ ಪಟ್ಟಿ ಮುಂದಿಟ್ಟ. ಇಪ್ಪತ್ತೆರಡು ಊರು. ಹೋಬರ್ಟ್ ಬೆರಳಿಟ್ಟು ಓದುತ್ತ ಹನ್ನೆರಡನೆಯ ಸಾಲಿಗೆ ಬಂದು ನಿಂತುಬಿಟ್ಟ. ಕಾಲ್ವಿನ್ಸ್‌ಬರೋ. ಅವ್ವನ ಊರು.

ಪ್ರವಾಸದ ಸುಖವನ್ನು ಅನುಭವಿಸಿದವರೇ ಬಲ್ಲರು. ಹಳೆಯ ಕಾರೊಂದರಲ್ಲಿ ನಾಲ್ಕು ಗಂಡಸರು, ನಾಲ್ಕು ನೀಲಿ ಸೂಟು. ಊಟವೆಂದರೆ ಡಬ್ಬಿಯ ಮೀನು, ಬಿಸ್ಕತ್ತು, ಚೀಸು, ಅದೂ ಕಾರಿನಲ್ಲೇ. ಪೆಟ್ರೋಲ್ ಹಾಕುವವನು ಕಾಸು ಇಸಿದುಕೊಳ್ಳುತ್ತಿದ್ದ, ಕಕ್ಕಸಿನ ಬೀಗದ ಕೈ ಕೊಡುತ್ತಿರಲಿಲ್ಲ. ದಾರಿ ಬದಿಯ ಪೊದೆಗಳಿಗೆಲ್ಲ ಓಥಾ ಹೆಸರಿಟ್ಟಿದ್ದ. ಒಂದು ಊರಿನಲ್ಲಿ ಪೊಲೀಸಿನವನು, ಹಾಡುವವರು ಎನ್ನುತ್ತೀರಲ್ಲ, ಹಾಡಿ ತೋರಿಸಿ ಎಂದು ಬಿಸಿಲಲ್ಲಿ ಚರಂಡಿಯೊಳಗೆ ನಿಲ್ಲಿಸಿ ಮೂರು ಸಲ ಹಾಡಿಸಿದ. ಕೊನೆಗೆ, ರೇಡಿಯೋದಲ್ಲಿ ಬರುವ ಹುಡುಗರಷ್ಟು ಚೆನ್ನಾಗಿಲ್ಲ ಎಂದು ತೀರ್ಪು ಕೊಟ್ಟ. ಕಾರು ಹೊರಟ ಮೇಲೆ ಪರ್ನೆಲ್ ಆರು ಮೈಲಿ ದೂರ ಒಂದೇ ಉಸಿರಿಗೆ ಬೈದ. ಬೈಗುಳ ತೀರಿದ ಮೇಲೆ ಲಿನ್‌ವುಡ್ ಎರಡು ನೆನಪು ಮಾಡಿಕೊಟ್ಟ.

ಕಾಲ್ವಿನ್ಸ್‌ಬರೋ ತಲುಪಿದಾಗ ಮೇ ತಿಂಗಳ ಒಂದು ಶನಿವಾರ, ಬೆಳಗ್ಗೆ ಹತ್ತು ಗಂಟೆ. ಲುವೀನಿಯಾ ದೊಡ್ಡಮ್ಮ ಕೋಳಿ ಹುರಿದಿದ್ದಳು, ಹಂದಿಕಾಲು ಹಾಕಿ ಸೊಪ್ಪು ಬೇಯಿಸಿದ್ದಳು, ಗೆಣಸಿನ ಸಿಹಿ ಮಾಡಿದ್ದಳು. ಟೆಂಪಿಯಮ್ಮ ಮಾತ್ರ ಒಲೆ ಕಡೆ ಸುಳಿದಿರಲಿಲ್ಲ. ಹೊಸ ಟೋಪಿ ಇಟ್ಟುಕೊಂಡು ಬೆಳಗ್ಗೆ ಆರಕ್ಕೇ ಜಗುಲಿಯ ಮೇಲೆ ಕೂತಿದ್ದಳು. ಟೋಪಿಯ ಮೇಲೆ ಬಟ್ಟೆಯ ಮೂರು ಕೆಂಪು ಚೆರಿಹಣ್ಣು.

"ಮೂರು ಗಂಟೆಗಲ್ವೇನವ್ವ ಆಟ? ಈಗ್ಲೇ ಟೋಪಿ ಯಾಕೆ?" ಎಂದ ಹೋಬರ್ಟ್.

"ನಾಲ್ಕು ವರ್ಷದಿಂದ ಇಟ್ಕೊಂಡೇ ಕೂತಿದೀನಿ ಅಂದ್ಕೋ," ಎಂದಳು. ತನ್ನ ದನಿ ತನಗೇ ಕೇಳಿಸದ ಕಾರಣ ಅವಳದು ಯಾವಾಗಲೂ ಬೀದಿಗೆ ಕೇಳುವ ಮಾತು. ಮಗನ ಗಲ್ಲ ಹಿಡಿದು ಬಾಯಿಯನ್ನು ದನದ ವ್ಯಾಪಾರಿಯ ಹಾಗೆ ಪರೀಕ್ಷಿಸಿದಳು. "ಈ ಬಾಯಿ ಇವತ್ತು ತೆರೀಬೇಕು. ರೇಡಿಯೋದಲ್ಲಿ ನಿನ್ನ ಮುಟ್ಟಿದೀನಿ, ಕೇಳಿಲ್ಲ. ಸೂಟು ಹಾಕ್ಕೊಂಡು, ದೀಪದ ಕೆಳಗೆ ನಿಂತು ನೀನು ಹಾಡೋದು ಇವತ್ತು ಕೇಳ್ತೀನಿ. ಮೂರನೇ ಸಾಲಲ್ಲಿ ನಾನು ಕೂತಿರ್ತೀನಿ. ನನ್ನ ಕಡೆ ನೋಡ್ಕೊಂಡು ಹಾಡು."

"ಆಗ್ಲವ್ವ," ಎಂದ. ಕೊಟ್ಟ ಮಾತು ಇಷ್ಟೇ.

ಆಟ ಇದ್ದದ್ದು ತಂಬಾಕು ಹರಾಜಿನ ಗೋದಾಮಿನಲ್ಲಿ. ಹರಾಜಿನ ಕಾಲವಲ್ಲದ್ದರಿಂದ ಖಾಲಿ ಮಾಡಿ, ನಟ್ಟನಡುವೆ ಹಲಗೆಯ ವೇದಿಕೆ ಕಟ್ಟಿದ್ದರು. ಒಂದು ಕಡೆ ಮಡಿಸುವ ಕುರ್ಚಿಗಳು, ಮೇಲೆ ಐದು ಫ್ಯಾನು. ಇನ್ನೊಂದು ಕಡೆ ಬೆಂಚುಗಳು, ಎಲ್ಲಿಂದಲೋ ತಂದ ಮುರುಕು ಕುರ್ಚಿಗಳು, ಕಾದ ತಗಡಿನ ಸೂರು. ವೇದಿಕೆಯ ಎರಡು ತುದಿಯಿಂದ ಎರಡು ಗೋಡೆಗೆ ಹಗ್ಗ ಕಟ್ಟಿತ್ತು. ಮೈಕು ಒಂದೇ, ಅದರ ಮೂತಿ ಫ್ಯಾನುಗಳ ಕಡೆಗಿತ್ತು.

ಹೋಬರ್ಟ್ ನೋಡಿದವನೇ ತಿಳಿದುಕೊಂಡ. ಆದರೂ ಕೇಳಿದ, "ನಮ್ಮೋರು ಎಲ್ಲಿ ಕೂರ್ತಾರೆ ಸಾರ್?"

ಗೋದಾಮಿನ ಯಜಮಾನ ಬ್ಲೇಲಾಕ್, ಯಾವ ಯುದ್ಧಕ್ಕೂ ಹೋಗದ ಕರ್ನಲ್, ಬೆತ್ತದಿಂದ ವೇದಿಕೆಯ ಹಿಂಭಾಗ ತೋರಿಸಿದ. "ಅಲ್ಲಿ. ಅದೇ ಚೀಟಿ, ಅದೇ ದರ. ನಾನು ಭೇದ ಮಾಡೋನಲ್ಲ."

"ಅಲ್ಲಿ ಕೂತ್ರೆ ನಮ್ಮ ಬೆನ್ನು ತಾನೆ ಸಾರ್ ಕಾಣೋದು?"

"ಹಾಡೋದು ಕಿವಿಗೆ ಕಣೋ ಕರಿಯ. ನಿನ್ನ ಚಂದ್ರನಂಥ ಮೋರೆ ನೋಡೋಕೆ ಯಾರೂ ಬರ್ತಿಲ್ಲ." ಪಕ್ಕದಲ್ಲಿದ್ದ ಪೊಲೀಸರ ಮುಖ್ಯಸ್ಥ, ಶೆರಿಫ್, ನಕ್ಕ. ಕರ್ನಲ್ ಬೆತ್ತದ ತುದಿಯನ್ನು ಹೋಬರ್ಟನ ಗದ್ದಕ್ಕೆ ಊರಿ ಮೇಲೆತ್ತಿದ. "ಈಗ ಕೇಳು. ನಮ್ಮ ಹುಡುಗೀರು ಮುಂದಿನ ಸಾಲಲ್ಲಿ ಕೂರ್ತಾರೆ. ಅವರ ಮುಖ ನೋಡ್ಕೂಡ್ದು. ಹಿಂದಕ್ಕೂ ತಿರುಗ್ಕೂಡ್ದು."

"ಮತ್ತೆ ಎಲ್ಲಿ ನೋಡೋಣ ಸಾರ್?" ಎಂದ ಓಥಾ, ಭಾಳ ವಿನಯದಿಂದ.

"ಎದುರಿನ ಗೋಡೆ ಮೇಲೆ ಗಡಿಯಾರ ಇದೆ. ಅದನ್ನ ನೋಡ್ಕೊಂಡು ಹಾಡಿ."

ನಮ್ಮವ್ವ ಕಿವುಡಿ, ಬಾಯಿ ಕಂಡರೆ ಮಾತ್ರ ಕೇಳುತ್ತಾಳೆ, ಒಂದೇ ಒಂದು ಹಾಡು ಅತ್ತ ತಿರುಗಿ ಹಾಡುತ್ತೇವೆ ಎಂದು ಹೋಬರ್ಟ್ ಬಾಯಿಬಿಟ್ಟು ಬೇಡಿಕೊಂಡ. ಅಷ್ಟು ದೊಡ್ಡ ಗಂಡಸು ಹಾಗೆ ಬೇಡುವುದನ್ನು ಅವನ ಗೆಳೆಯರು ಅದುವರೆಗೆ ಕಂಡಿರಲಿಲ್ಲ. ಕರ್ನಲ್ ಪೂರ್ತಿ ಕೇಳಿ, ಶೆರಿಫನ ಕಡೆ ತಿರುಗಿ, "ಕಿವುಡಿ ಚೀಟಿ ತಗೊಂಡಿದಾಳಂತೆ ಕಣಯ್ಯ ಹಾಡು ಕೇಳೋಕೆ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ.

ತನ್ನ ಕಾರಿನಲ್ಲಿ ಬೇರೆಯಾಗಿ ಬಂದಿದ್ದ ಗ್ಯಾರಿಟಿ ಹೋಬರ್ಟನನ್ನು ಪಕ್ಕಕ್ಕೆ ಕರೆದ. "ಇನ್ನೂ ಹತ್ತು ಊರಿದೆ. ಇಲ್ಲಿ ಹೆಚ್ಚುಕಮ್ಮಿ ಆದ್ರೆ ಹತ್ತೂ ಹೋಯ್ತು. ಹೆಸರು ನನ್ನದು, ಮರೀಬೇಡ. ನಾಳೆ ಬೇರೆ ನಾಲ್ಕು ಜನರನ್ನ ತಂದು ಟೌಹೀಗಳು ಅಂತ ನಿಲ್ಲಿಸ್ತೀನಿ, ಯಾವ ನಾಯಿಗೂ ಗೊತ್ತಾಗಲ್ಲ. ನೀವು ಮತ್ತೆ ಗಂಜಿ ಬಕೀಟಿಗೆ ಹೋಗ್ಬೋದು."

ಕಾರಿನ ಮರೆಯಲ್ಲಿ ನಾಲ್ವರೂ ಸೂಟು ತೊಡುತ್ತಿದ್ದರು. ಗುಂಡಿ ಹಾಕುತ್ತ ಪರ್ನೆಲ್, "ಹೋಬ್, ನಿಮ್ಮವ್ವನಿಗೆ ಮನೇಗೆ ಹೋಗಿ ಹಾಡಿ ತೋರಿಸಣ ಕಣ್ಲಾ. ಜಗುಲಿ ಮ್ಯಾಲೇ ನಿಂತು ಹಾಡಣ," ಎಂದ. ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಲಿನ್‌ವುಡ್ ಷೂ ದಾರ ಕಟ್ಟುತ್ತಿದ್ದ, ಅವನ ಮೂರನೆಯ ಮಗಳನ್ನು ಆ ವರ್ಷ ಶಾಲೆಗೆ ಸೇರಿಸಬೇಕಿತ್ತು. ಹೋಬರ್ಟ್ ಆಗಲಿ ಎಂದ.

ವೇದಿಕೆಯ ಮೆಟ್ಟಿಲು ಹಿಂದಿನ ಕಡೆಗಿತ್ತು. ಹತ್ತುವಾಗ ಕಂಡಳು. ಮೂರನೆಯ ಸಾಲು, ಮೂರು ಚೆರಿಹಣ್ಣು, ತೊಡೆಯ ಮೇಲೆ ಮಡಿಸಿದ ಕರವಸ್ತ್ರ. ಮಗನನ್ನು ನೋಡಿ ಪಕ್ಕದವಳ ಪಕ್ಕೆಗೆ ತಿವಿದು ತೋರಿಸಿದಳು. 'ಇಲ್ಲಿದೀನಿ,' ಎಂದವು ತುಟಿಗಳು. ಹೋಬರ್ಟ್ ತಲೆ ತಗ್ಗಿಸಿ ಮೇಲೆ ಹೋಗಿ, ಅವಳಿಗೆ ಬೆನ್ನು ಹಾಕಿ ನಿಂತ.

ಮೊದಲ ಹಾಡು ಮುಗಿಯಿತು. ಎರಡನೆಯದು ಮುಗಿಯಿತು. ಬಿಳಿಯರ ಹುಡುಗ ಹುಡುಗಿಯರು ಕುರ್ಚಿಯಲ್ಲಿ ಕೂರಲಾರದೆ ಕುಣಿಯುತ್ತಿದ್ದರು, ಪಾಪ, ಅವರಿಗೆ ಹಾಡು ನಿಜವಾಗಿ ಹಿಡಿಸಿತ್ತು. ನಾಲ್ವರೂ ಗಡಿಯಾರ ನೋಡಿಕೊಂಡೇ ಹಾಡಿದರು. ಪ್ರಾಣಸಖಿಯೇ ಎನ್ನುವಲ್ಲೂ ಗಡಿಯಾರಕ್ಕೆ ಕೈ ಚಾಚಿದರು. ಹಿಂದಿನಿಂದಲೂ ಚಪ್ಪಾಳೆ ಬರುತ್ತಿತ್ತು. ಅದರಲ್ಲಿ ಅವ್ವನ ಚಪ್ಪಾಳೆಯೂ ಇದೆಯೇ, ಯಾವಾಗ ತಟ್ಟಬೇಕೆಂದು ಪಕ್ಕದವರನ್ನು ನೋಡಿ ತಟ್ಟುತ್ತಿದ್ದಾಳೆಯೇ ಎಂದು ಹೋಬರ್ಟ್ ಯೋಚಿಸುತ್ತಿದ್ದ. ಅವನ ಬೆನ್ನು ಬೆವೆತು ಕೋಟು ಅಂಟಿತ್ತು. ಅವಳು ಕೇಳುತ್ತಿದ್ದದ್ದು ಆ ಬೆವರಿನ ಕಲೆಯನ್ನು.

ಮೂರನೆಯ ಹಾಡು ಮುಗಿದಾಗ ಬಾಗಿ ನಮಸ್ಕರಿಸಬೇಕು. ಗ್ಯಾರಿಟಿ ಕಲಿಸಿಕೊಟ್ಟ ಕಸರತ್ತು ಅದು, ಹಣೆ ಮೊಣಕಾಲಿಗೆ ಮುಟ್ಟುವಷ್ಟು ಬಗ್ಗಬೇಕು. ಹೋಬರ್ಟ್ ಬಗ್ಗಿದ. ಬಗ್ಗಿದವನಿಗೆ ತನ್ನ ಎರಡು ಕಾಲುಗಳ ಸಂದಿನಲ್ಲಿ ಅವ್ವ ಕಂಡಳು. ತಲೆಕೆಳಗಾಗಿ, ಚೆರಿಹಣ್ಣು ಕೆಳಗೆ, ಪಾದ ಮೇಲೆ. ಏನೋ ಹೇಳುತ್ತಿದ್ದಳು. ತುಟಿ ಆಡುತ್ತಿತ್ತು. ತಲೆಕೆಳಗಾದ ತುಟಿ ಓದುವ ವಿದ್ಯೆ ಲಾಂಡ್ರಿಯಲ್ಲಿ ಯಾರೂ ಕಲಿಸಿರಲಿಲ್ಲ. ಅವನು ಇನ್ನೂ ಬಗ್ಗಿದ. ಇನ್ನೂ ಸ್ವಲ್ಪ ಬಗ್ಗಿದ್ದರೆ ಲಾಗ ಹಾಕುತ್ತಿದ್ದ. ಮುಂದಿನ ಸಾಲಿನವರು ಇದೂ ಆಟದ ಭಾಗವೆಂದುಕೊಂಡು ಗೊಳ್ಳೆಂದು ನಕ್ಕರು.

ನೆಟ್ಟಗಾದಾಗ ಅವನ ಕಣ್ಣಲ್ಲಿ ನೀರು ತುಂಬಿತ್ತು.

ವೇದಿಕೆಯ ಮೂಲೆಯಲ್ಲಿದ್ದ ಪಿಯಾನೋದ ಮುದುಕ ಮುಂದಿನ ಹಾಡಿನ ಮುನ್ನುಡಿ ಶುರು ಮಾಡಿದ. ಭಾನುವಾರದ ಅಂಗಿ. ನಾಲ್ವರೂ ಹಲ್ಲು ಬಿಟ್ಟು ನಗುತ್ತ ಬೆರಳು ಚಿಟಿಕೆ ಹೊಡೆಯುತ್ತ ನಿಂತಿದ್ದರು. ನಗುವಿನ ನಡುವೆಯೇ ಮಾತು ನಡೆಯಿತು. ಸಾವಿರ ಜನ, ಒಬ್ಬ ಶೆರಿಫ್, ಆರು ಪೊಲೀಸರು, ಒಬ್ಬ ಕರ್ನಲ್, ಎಲ್ಲರ ಕಣ್ಣೆದುರೇ.

'ಏನಂತವಳೆ?' ಎಂದ ಓಥಾ.

'ಗೊತ್ತಾಗ್ಲಿಲ್ಲ,' ಎಂದ ಹೋಬರ್ಟ್. 'ತಲೆಕೆಳಗಾಗಿತ್ತು.'

ಮುನ್ನುಡಿ ಇನ್ನೊಂದು ಸುತ್ತು ಬಂತು. ಮುದುಕ ಹುಬ್ಬೇರಿಸಿ ಇವರ ಕಡೆ ನೋಡಿದ, ಹಾಡು ಎತ್ತುವ ಜಾಗ ದಾಟಿಹೋಗಿತ್ತು.

'ತಿರುಗಣ,' ಎಂದವು ಯಾರದೋ ತುಟಿಗಳು.

ಹೋಬರ್ಟ್ ಓಥಾನನ್ನು ನೋಡಿದ. ಓಥಾ ಪರ್ನೆಲನನ್ನು ನೋಡಿದ. ಇಬ್ಬರೂ ಅಲ್ಲ. ಇಲಿ ಕಂಡರೆ ಕುರ್ಚಿ ಹತ್ತುವ ಲಿನ್‌ವುಡ್. ಅವನ ಚಿಟಿಕೆ ಮಾತ್ರ ತಾಳ ತಪ್ಪಿರಲಿಲ್ಲ.

'ನಿಂಗೆ ಮೂರು ಮಕ್ಕಳು ಕಣ್ಲಾ,' ಎಂದ ಹೋಬರ್ಟ್.

'ನಂಗೆ ಲೆಕ್ಕ ಬತ್ತದೆ ಕಣೋ ಸೂಳೆಮಗನೆ. ಬ್ಯಾಗ ತಿರುಗು, ಇಲ್ದಿದ್ರೆ ನಂಗೆ ಧೈರ್ಯ ಹೊಂಟೋಯ್ತದೆ.'

ಪರ್ನೆಲ್ ಮೀಸೆ ತೀಡಿದ. 'ನನ್ ಮುಖ ನೋಡ್ದೆ ಆ ಕಡೆ ಹೆಂಗಸರು ಎಷ್ಟು ಸಂಕಟ ಪಡ್ತಾವ್ರೋ. ನಡೀರಿ.'

ನಾಲ್ವರೂ ಒಟ್ಟಿಗೆ, ಗ್ಯಾರಿಟಿ ಕಲಿಸಿದ ಹಾಗೆಯೇ ಒಂದೇ ಹಿಮ್ಮಡಿಯ ಮೇಲೆ, ಗಿರಕ್ಕನೆ ತಿರುಗಿದರು.

ಮೈಕು ಹಿಂದೆ ಒಂಟಿಯಾಗಿ ಉಳಿಯಿತು. ಅದು ಇವರಿಗೆ ಬೇಕಾಗಿರಲಿಲ್ಲ. ಪೀಪಾಯಿಗಳ ಗುಡುಗಿನ ಮೇಲೆ ಹಾಡಿ ಬೆಳೆದ ಗಂಟಲುಗಳಿಗೆ ತಂಬಾಕಿನ ಗೋದಾಮು ಯಾವ ಮೂಲೆಗೆ? ಹೋಬರ್ಟ್ ಧುಂ-ಮ ಎಂದ. ತಗಡಿನ ಸೂರು ಗುಂಯ್ ಎಂದಿತು. ಉಳಿದವರು ಅದರ ಮೇಲೆ ಹತ್ತಿದರು. ಪಿಯಾನೋದ ಮುದುಕ ಒಂದು ಗಳಿಗೆ ತಡವರಿಸಿ, ತನ್ನ ವಾದ್ಯಕ್ಕೆ ಹಿಂದೆ ಮುಂದೆ ಎಂಬುದಿಲ್ಲವೆಂದು ನೆನಪಾದವನಂತೆ ಬಾರಿಸುತ್ತಲೇ ಇದ್ದ. ಬೆಂಚುಗಳ ಕಡೆಯವರು ಮೊದಲು ಶೆರಿಫನ ಕಡೆ ನೋಡಿದರು. ಅವರಿಗೂ ಭಯ. ಆಮೇಲೆ ಹಿಂದಿನಿಂದ ಒಂದು ಹೆಣ್ಣುದನಿ "ಅಯ್ಯೋ ನನ್ನಪ್ಪಗಳಿರಾ!" ಎಂದಿತು, ಇಡೀ ಕಡೆಗೆ ಕಡೆಯೇ ಎದ್ದು ನಿಂತಿತು.

"ಇತ್ಲಾಗೆ ತಿರುಗ್ರೋ!" ಫ್ಯಾನುಗಳ ಕಡೆಯಿಂದ ಒಬ್ಬ ಅರಚಿದ. "ದುಡ್ಡು ಕೊಟ್ಟು ಬಂದಿದೀವಿ, ನಿಮ್ಮ ಕುಂಡಿ ನೋಡೋಕಲ್ಲ!"

"ನಾವೇನ್ ಹುಣಸೆಬೀಜ ಕೊಟ್ಟು ಬಂದಿದೀವಾ?" ಎಂದಿತು ಬೆಂಚುಗಳ ಕಡೆಯ ದನಿ. ನಗು ಎದ್ದಿತು. ಹಗ್ಗದಾಚೆಯ ಒಂದಿಬ್ಬರು ಹುಡುಗಿಯರೂ ನಕ್ಕರು. ಕರ್ನಲ್ ಬೆತ್ತ ಬೀಸುತ್ತ ದೀಪ ಆರಿಸಿ ಎಂದು ಕೂಗಿದ, ಆದರೆ ಮೂರೂವರೆ ಗಂಟೆಯ ಬಿಸಿಲು ಅವನ ಮಾತು ಕೇಳಲಿಲ್ಲ. ಗ್ಯಾರಿಟಿ ಎರಡು ಕೈಯಲ್ಲೂ ತಲೆ ಹಿಡಿದುಕೊಂಡ. ಹಗ್ಗದ ಪಕ್ಕದಲ್ಲಿ ಶೆರಿಫ್ ಬೆಲ್ಟು ಸರಿಮಾಡಿಕೊಂಡು ಮೆಟ್ಟಿಲ ಕಡೆ ನಡೆಯತೊಡಗಿದ.

ಹೋಬರ್ಟ್ ಅದಾವುದನ್ನೂ ನೋಡಲಿಲ್ಲ. ಮೂರನೆಯ ಸಾಲಿನಲ್ಲಿ ಟೆಂಪಿಯಮ್ಮ ಕುರ್ಚಿಯ ಮೇಲೆ ಹತ್ತಿ ನಿಂತಿದ್ದಳು. ಇಬ್ಬರು ಹೆಂಗಸರು ಅವಳ ಸೊಂಟ ಹಿಡಿದಿದ್ದರು. ಟೋಪಿ ಒಂದು ಪಕ್ಕಕ್ಕೆ ವಾಲಿತ್ತು. ಮುಖ ಗಂಟಿಕ್ಕಿ, ಒಂದು ಕೈಯನ್ನು ಹಣೆಗೆ ಅಡ್ಡ ಇಟ್ಟು ಅವಳು ಅವನ ಬಾಯಿಯನ್ನೇ ನೋಡುತ್ತಿದ್ದಳು. ಲಿನ್‌ವುಡ್‌ನ ಬಾಯಿ ನೋಡಿ ತಲೆದೂಗಿದಳು. ಪರ್ನೆಲನದು ನೋಡಿ ತಲೆದೂಗಿದಳು. ಮತ್ತೆ ಮಗನ ಕಡೆ ಬಂದಳು. ತುಟಿಗಳು ಆಡಿದವು, ಈ ಸಲ ನೆಟ್ಟಗೆ, ಒಂದೊಂದು ಅಕ್ಷರವೂ ಕೈಗೆ ಸಿಗುವಂತೆ.

'ಕೇಳಿಸ್ತಿಲ್ಲ ಕಣೋ ಮುಂಡೇದೆ. ಬಾಯಿ ತೆಗಿ.'

ಮೆಟ್ಟಿಲಿನ ಮೇಲೆ ಬೂಟಿನ ಸದ್ದಾಯಿತು. ಒಂದು, ಎರಡು, ಮೂರು. ಶೆರಿಫನ ಕೈ ಬಂದು ಹೋಬರ್ಟನ ಕಾಲರಿನ ಮೇಲೆ ಬಿತ್ತು, ಗಂಜಿ ಹಾಕಿ ಅವನೇ ಬೆಳಗ್ಗೆ ತಿಕ್ಕಿದ ಕಾಲರು. ಹೋಬರ್ಟ್ ಅವ್ವನ ಮೇಲಿಟ್ಟ ಕಣ್ಣು ಕೀಳದೆ, ದವಡೆ ಕಳಚಿ ಬೀಳುವ ಹಾಗೆ ಬಾಯಿ ತೆಗೆದ.